ಅಪ್ಪ ಅಂಗಡಿ ಕ್ಯೂಆರ್ ಕಿತ್ತು ಒಳಗಿಟ್ಟಿದ್ದಾರೆ, ಅಟ್ಟದ ಮೇಲೆ ಟ್ರಂಕ್ ತುಂಬಿಸ್ತಿದ್ದಾರೆ. ಇದು ಸ್ವಾತಂತ್ರ್ಯನಾ, ಭಯನಾ?

ಟೀಅಂಗಡಿ_ಮಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ.

ನಮ್ದು ಬೆಂಗಳೂರಲ್ಲಿ ಒಂದು ಟೀ ಅಂಗಡಿ ಪ್ಲಸ್ ಕಾಂಡಿಮೆಂಟ್ಸು, ಅಂದ್ರೆ ಬಿಸ್ಕತ್ತು, ಚಿಪ್ಸು, ಸಿಗರೇಟು, ಹಾಲಿನ ಪ್ಯಾಕೆಟ್ಟು, ಬಾಳೆಹಣ್ಣು. ಅಪ್ಪ ಹಾಸನ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ನಾನು ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ, ಭಾನುವಾರ ಮಾತ್ರ ಗಲ್ಲಾ ಮೇಲೆ ಕೂರೋದು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡ್ಕೊಂಡು ಸಣ್ಣ ವ್ಯಾಪಾರಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತಲ್ಲ, ಬೀದಿ ಬೀದೀಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ರಟ್ಟಿನ ಬೋರ್ಡ್ ಹಾಕಿದ್ರಲ್ಲ, ಅವತ್ತು ನಮ್ಮಪ್ಪನೂ ಕ್ಯೂಆರ್ ಸ್ಟ್ಯಾಂಡನ್ನ ಎತ್ತಿ ಸಕ್ಕರೆ ಡಬ್ಬದ ಹಿಂದೆ ಇಟ್ರು. ನಮಗೆ ನೋಟಿಸ್ ಬಂದಿಲ್ಲ. ಆದ್ರೂ ಇವತ್ತಿಗೂ ಅದು ಅಲ್ಲೇ ಇದೆ, ಮೇಲೆ ಇರುವೆ ಓಡಾಡ್ತಿದೆ. ಗಿರಾಕಿ ಹತ್ತು ರೂಪಾಯಿ ಚಿಲ್ಲರೆ ಇಲ್ಲ ಅಂತ ಎದುರುಗಡೆ ಅಂಗಡಿಗೆ ಹೋಗ್ತಾನೆ, ಅಪ್ಪ ಹೋಗ್ಲಿ ಬಿಡು ಅಂತಾರೆ.

ಇನ್ನೊಂದು ಟ್ರಂಕ್ ಕತೆ. ನೋಟ್ ಬ್ಯಾನ್ ಆದಾಗಿಂದ ಶುರುವಾಗಿದ್ದು ಇದು. ಅಟ್ಟದ ಮೇಲೆ ಹಸಿರು ಬಣ್ಣದ ಕಬ್ಬಿಣದ ಟ್ರಂಕು, ಅದ್ರಲ್ಲಿ ಹದಿನೈದು ದಿನಕ್ಕಾಗೋ ಅಕ್ಕಿ, ಹುರುಳಿಕಾಳು, ಉಪ್ಪು, ಮೇಣದ ಬತ್ತಿ, ಬೆಂಕಿಪೊಟ್ಟಣ, ಟಾರ್ಚು, ಅಮ್ಮನ ಬಿಪಿ ಮಾತ್ರೆ ಒಂದು ತಿಂಗಳದ್ದು, ಸ್ವಲ್ಪ ನೂರರ ನೋಟು. ಮೂರು ತಿಂಗಳಿಗೊಂದು ಸಲ ಅಕ್ಕಿ ಬದಲಾಯಿಸ್ತಾರೆ, ಹಳೇದನ್ನ ಮನೆಗೆ ಬಳಸ್ತಾರೆ. ಲಾಕ್‌ಡೌನಲ್ಲಿ ಉಪಯೋಗಕ್ಕೆ ಬಂತು, ಸುಳ್ಳು ಹೇಳಲ್ಲ. 2024ರ ಬೇಸಿಗೇಲಿ ನಮ್ಮ ರೋಡಿನ ಬೋರ್‌ವೆಲ್ ಬತ್ತಿದಾಗ ಟೆರೇಸ್ ಮೇಲೆ ಎರಡು ಡ್ರಮ್ಮೂ ಸೇರ್ಕೊಂಡ್ವು.

ಮೊನ್ನೆ ಊಟಕ್ಕೆ ಕೂತಾಗ ಜಗಳ ಆಯ್ತು. ನಾನು ಹೇಳಿದ್ದು, ನೋಟ್ ಬ್ಯಾನಲ್ಲಿ ಸಿಕ್ಕಾಕೊಂಡಿದ್ದೇ ಕ್ಯಾಶು, ನೀನು ಈಗ ಕ್ಯಾಶನ್ನೇ ನಂಬ್ತೀಯಲ್ಲ ಅಂತ. ಅಪ್ಪ ಹೇಳಿದ್ದು: "ಅವತ್ತು ದುಡ್ಡು ಹೋಯ್ತು, ಅಕ್ಕಿ ಹೋಗ್ಲಿಲ್ಲ. ಬೆಂಕಿಪೊಟ್ಟಣಕ್ಕೂ ಟ್ಯಾಕ್ಸ್ ಕೊಡ್ತೀನಿ, ನೀರಿಗೆ ಟ್ಯಾಂಕರ್‌ಗೆ ಬೇರೆ ಕೊಡ್ತೀನಿ, ನನ್ನ ಪಾಡಿಗೆ ನನ್ನ ಬಿಟ್ರೆ ಸಾಕು, ಅದೇ ಸ್ವಾತಂತ್ರ್ಯ."

ನಂಗೆ ಉತ್ತರ ಹೊಳೀಲಿಲ್ಲ. ಅಪ್ಪನದ್ದು ಸರೀನಾ? ಕ್ಯೂಆರ್ ವಾಪಸ್ ಇಟ್ರೆ ನಿಜವಾಗ್ಲೂ ತೊಂದರೆ ಇದ್ಯಾ?

ಲೆಕ್ಕಿಗ_ಹುಬ್ಬಳ್ಳಿ

ತಮ್ಮಾ, ನಾ ಇದೇ ಕೆಲಸ ಮಾಡಾಂವ, ಸಣ್ಣ ಅಂಗಡಿಯವ್ರ ಲೆಕ್ಕ ಬರೀತೀನಿ. ಸ್ವಾತಂತ್ರ್ಯದ ಮಾತು ದೊಡ್ಡವ್ರು ಹೇಳ್ಲಿ, ನಾ ಕ್ಯೂಆರ್ ವಿಷಯ ಅಷ್ಟ ಹೇಳ್ತೀನಿ.

ಮದಲ ತಲಿಯಾಗಿಂದ ಒಂದು ತಪ್ಪು ತಗೀರಿ. ಯುಪಿಐ ತಗೊಂಡ್ರ ಟ್ಯಾಕ್ಸು, ಕ್ಯಾಶ್ ತಗೊಂಡ್ರ ಇಲ್ಲ ಅನ್ನೋದು ಯಾವ ಕಾಯ್ದೆದಾಗೂ ಇಲ್ಲ. ವಹಿವಾಟು ಅಂದ್ರ ವಹಿವಾಟು, ಅದು ಗಲ್ಲಾಕ್ಕ ಬಂದ್ರೂ ಅಷ್ಟ, ಫೋನಿಗೆ ಬಂದ್ರೂ ಅಷ್ಟ. ಯುಪಿಐ ಕಣ್ಣಿಗೆ ಕಾಣ್ತದ, ಕ್ಯಾಶ್ ಕಾಣೂದಿಲ್ಲ, ಫರಕು ಇಷ್ಟ. ನಿಮ್ಮಪ್ಪಾರು ಕ್ಯೂಆರ್ ಮುಚ್ಚಿಟ್ಟು ಉಳಿಸಿದ್ದು ಟ್ಯಾಕ್ಸ್ ಅಲ್ಲ, ಬರೇ ಗಿರಾಕಿ ಕಳಕೊಂಡಾರ.

ಎರಡನೇದು ಭಾಳ ಮಂದಿಗೆ ಗೊತ್ತಿಲ್ಲ. ಜಿಎಸ್‌ಟಿ ನೋಂದಣಿ ಮಾಡಸೂ ಗಡಿ ಅಂದ್ರ ಎಲ್ಲಾರೂ ವರ್ಷದ ವಹಿವಾಟು 40 ಲಕ್ಷ, 40 ಲಕ್ಷ ಅಂತಾರ. ಅದು ಬರೇ ಸಾಮಾನು ಮಾರೂವ್ರಿಗೆ. ನೀವು ಟೀ ಕಾಸಿ ಕೊಡ್ತೀರಿ, ಅದು ಸೇವೆ ಒಳಗ ಬರ್ತದ, ಸಾಮಾನಿನ ಜೊತಿಗೆ ಟೀ ಸೇರಿತು ಅಂದ್ರ ನಿಮ್ಮ ಗಡಿ 20 ಲಕ್ಷ. ದಿನಕ್ಕ ಐದೂವರಿ ಸಾವಿರ ವ್ಯಾಪಾರ ಆದ್ರ ವರ್ಷಕ್ಕ 20 ಲಕ್ಷ ಮುಟ್ತದ, ಟೀ ಅಂಗಡಿಗೆ ಇದೇನ್ ದೊಡ್ಡ ಮಾತಲ್ಲ. ಮತ್ತ ಹಾಲು, ಬಾಳೆಹಣ್ಣಿಗೆ ಜಿಎಸ್‌ಟಿ ಇಲ್ಲ, ಖರೆ, ಆದ್ರ ಗಡಿ ದಾಟಿತೋ ಇಲ್ಲೋ ನೋಡಾಗ ಅವನ್ನೂ ಕೂಡಸ್ತಾರ. ಬರೇ ಹಾಲು, ಬರೇ ಕಾಯಿಪಲ್ಲೆ ಮಾರೂವ್ರಿಗೆ ಮಾತ್ರ ನೋಂದಣಿನ ಬ್ಯಾಡ, ಅವ್ರು ಕೋಟಿ ವ್ಯಾಪಾರ ಮಾಡಿದ್ರೂನೂ. ಆಗ ಹಾವೇರಿ ಕಡಿ ತರಕಾರಿ ಮಾರೂ ಒಬ್ರಿಗೆ 29 ಲಕ್ಷದ ನೋಟಿಸ್ ಹೋಗಿತ್ತು ಅಂತ ಪೇಪರ್ ತುಂಬ ಬಂದಿತ್ತಲ್ಲ, ಗದ್ದಲ ಎದ್ದಿದ್ದ ಅದಕ್ಕ. ಆಮ್ಯಾಲ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ವ್ಯಾಪಾರಿಗಳ ಜೊತಿ ಕುಂತು, ಹಾಲು ತರಕಾರಿಯಂಥ ವಿನಾಯ್ತಿ ಸಾಮಾನಿನ ಮ್ಯಾಲ ಹಳೇ ಬಾಕಿ ಕೇಳೂದಿಲ್ಲ, ಮುಂದ ನೋಂದಣಿ ಮಾಡಿಸ್ರಿ ಅಂದ್ರು.

ಗಡಿ ದಾಟಿದ್ರ ಏನು? ರಾಜಿ ಪದ್ಧತಿ ಐತಿ, ನಾವು ಕಾಂಪೊಸಿಷನ್ ಅಂತೀವಿ. ಒಂದೂವರಿ ಕೋಟಿ ಒಳಗಿನ ವ್ಯಾಪಾರದವ್ರಿಗೆ. ಸಾಮಾನು ಮಾರೂವ್ರಿಗೆ ವಹಿವಾಟಿನ 1%, ಟೀ ತಿಂಡಿಗೆ 5%. ಮೂರು ತಿಂಗಳಿಗೊಮ್ಮೆ ಕಟ್ಟೂದು, ವರ್ಷಕ್ಕೊಂದು ರಿಟರ್ನು. ಗಿರಾಕಿ ಕಡಿಂದ ಜಿಎಸ್‌ಟಿ ಅಂತ ಬ್ಯಾರೆ ಇಸ್ಕೊಳ್ಳಾಕ ಬರೂದಿಲ್ಲ, ಕೈಯಿಂದ ಹೋಗ್ತದ, ಅದೊಂದು ನೋವು ಐತಿ.

ಬ್ಯಾಂಕ್ ಸ್ಟೇಟ್‌ಮೆಂಟ್ ತಗದು ನೋಡು. ನೀ ಅಪ್ಪಗ ಹಾಕಿದ ರೊಕ್ಕ, ಚೀಟಿ ಎತ್ತಿದ್ದು, ಮಾವ ಸಾಲ ತೀರಿಸಿದ್ದು, ಇವೆಲ್ಲ ಒಂದ ಖಾತೆಗೆ ಬಿದ್ದಿರ್ತಾವ, ಅವು ವ್ಯಾಪಾರ ಅಲ್ಲ. ಆದ್ರ ಅಲ್ಲ ಅಂತ ತೋರ್ಸೂದು ನಿನ್ನ ಕೆಲಸ. ಲೆಕ್ಕದ ಪುಸ್ತಕ ಬರ್ಕೊಂಡು ಇಟ್ಟಿದ್ರ ಬಚಾವ್.

ಸಂಬಳದವನು

ಸಾರಿ, ಸ್ವಲ್ಪ ಖಾರವಾಗಿ ಹೇಳ್ತೀನಿ. ನಂಗೆ ಸಂಬಳ ಕೈಗೆ ಬರೋ ಮೊದ್ಲೇ ಟಿಡಿಎಸ್ ಕಟ್ಟು. 'ನನ್ನ ಪಾಡಿಗೆ ನನ್ನ ಬಿಡಿ' ಅಂತ ನಾನು ಯಾರ ಹತ್ರ ಹೇಳ್ಲಿ, ನನ್ನ ಕ್ಯೂಆರ್ ಯಾವ ಸಕ್ಕರೆ ಡಬ್ಬದ ಹಿಂದೆ ಇಡ್ಲಿ? ಪೆಟ್ರೋಲ್ ಹಾಕಿಸಿದ್ರೆ ರಾಜ್ಯದ ಮಾರಾಟ ತೆರಿಗೆನೇ 29.84%, ಕೇಂದ್ರದ್ದು ಬೇರೆ. ವರ್ಷಕ್ಕೆ 30 ಲಕ್ಷ ದುಡಿಯೋ ಅಂಗಡಿಯವ್ರು ನಾವು ಬಡವರು ಅಂದ್ರೆ ಹೆಂಗೆ?

ಲೆಕ್ಕಿಗ_ಹುಬ್ಬಳ್ಳಿ

30 ಲಕ್ಷ ದುಡಿಯೋದಲ್ಲ ಯಪ್ಪಾ, ವಹಿವಾಟು ಅದು. ಸಿಗರೇಟಿನ ಪ್ಯಾಕ್ ಮಾರಿದ್ರ ಅದ್ರೊಳಗ ಅಂಗಡಿಯವ್ಗ ಉಳಿಯೋದು ಭಾಳ ಕಡಿಮಿ. ಹಾಲಿನ ಪ್ಯಾಕೆಟ್ಟಿಗೂ ಹಂಗ. ನಿಮ್ಮ ಸಂಬಳ ಅಂದ್ರ ಕೈಗೆ ಉಳಿಯೋದು, ಅವ್ರ 30 ಲಕ್ಷ ಅಂದ್ರ ಕೈ ಮ್ಯಾಲೆ ಹಾದು ಹೋಗೋದು. ಈ ಎರಡನ್ನ ಕಲಸ್ಬ್ಯಾಡ್ರಿ. ಟಿಡಿಎಸ್ ಬಗ್ಗೆ ನಿಮ್ಮ ಸಿಟ್ಟು ನನಗ ಒಪ್ಪಿಗಿ ಐತಿ.

ಅಡಿಕೆಸೋಗೆ

ನಾನು ಸಿದ್ದಾಪುರದವನು, ಉತ್ತರ ಕನ್ನಡ. ತೆರಿಗೆ ಮತ್ತೆ ಸ್ವಾತಂತ್ರ್ಯ ಒಂದೇ ವಾಕ್ಯದಲ್ಲಿ ಬಂದ್ರೆ ನಮ್ಮ ಕಡೆಯವ್ರಿಗೆ ಸುಮ್ನೆ ಕೂರೋಕೆ ಆಗಲ್ಲ, ಕ್ಷಮಿಸಿ.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು, ಅದು ಎಲ್ರಿಗೂ ಗೊತ್ತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರ, ಆಮೇಲೆ ಹಿರೇಕೆರೂರು ಕಡೆ ಕರನಿರಾಕರಣೆ ನಡೀತು, ಭೂಕಂದಾಯ ಕಟ್ಟಲ್ಲ ಅಂತ ರೈತರು ನಿಂತ್ರು. ಆಗ ನಮ್ದು ಮುಂಬೈ ಪ್ರಾಂತ್ಯ. ಕಟ್ಟಲ್ಲ ಅಂದ ಕೂಡ್ಲೇ ಜಪ್ತಿ. ದನ, ಪಾತ್ರೆ, ಕೊಯ್ದಿಟ್ಟ ಅಡಿಕೆ, ಕೊನೆಗೆ ತೋಟ ಗದ್ದೆನೇ ಹರಾಜು.

ನಮ್ಮ ಅಮ್ಮಮ್ಮ ಆಗ ಏಳೆಂಟು ವರ್ಷದ ಹುಡುಗಿ. ಅವಳು ಹೇಳ್ತಿದ್ದ ಕತೇಲಿ ಭಾಷಣ ಗೀಷಣ ಏನೂ ಇರ್ತಿರ್ಲಿಲ್ಲ, ಬರೀ ಪಾತ್ರೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಎಲ್ಲಾ ಗೋಣಿ ತಾಟಲ್ಲಿ ಸುತ್ತಿ ರಾತ್ರಿ ಎತ್ತಿನ ಗಾಡೀಲಿ ಗಡಿ ದಾಟಿಸಿ ಸಾಗರದ ಹತ್ರ ನೆಂಟರ ಮನೇಲಿ ಇಟ್ಟು ಬಂದ್ರಂತೆ. ಸಾಗರ ಅಂದ್ರೆ ಮೈಸೂರು ಸಂಸ್ಥಾನ, ಬ್ರಿಟಿಷರ ಜಪ್ತಿ ಅಲ್ಲಿಗೆ ಬರೋ ಹಾಗಿರ್ಲಿಲ್ಲ. ಗಾಡಿ ಚಕ್ರಕ್ಕೆ ಸದ್ದಾಗದ ಹಾಗೆ ಹುಲ್ಲು ಸುತ್ತಿದ್ರಂತೆ. ಬೆಳಿಗ್ಗೆ ಶಾನುಭೋಗ, ಪೊಲೀಸು ಬಂದಾಗ ಅಡಿಗೆ ಮನೇಲಿ ಮಣ್ಣಿನ ಮಡಿಕೆ ಬಿಟ್ರೆ ಇನ್ನೇನೂ ಇರ್ಲಿಲ್ಲ. ಮಡಿಕೇಲಿ ಗಂಜಿ ಬೇಯ್ತಿತ್ತು, ಅದನ್ನೂ ಇಣುಕಿ ನೋಡಿದ್ರಂತೆ.

ತಯಾರಿ ಅಂದ್ರೆ ಅದು. ನಿಮ್ಮಪ್ಪನ ಟ್ರಂಕು ನಂಗೆ ಆ ಗಾಡಿ ಥರಾನೇ ಕಾಣ್ಸುತ್ತೆ, ಅದಕ್ಕೆ ನಗ್ಬೇಡಿ.

ಆದ್ರೆ ಒಂದು ವ್ಯತ್ಯಾಸ ಇದೆ. ಅವ್ರು ಕಂದಾಯ ಕಟ್ಟಲ್ಲ ಅಂತ ಎದುರಿಗೆ ನಿಂತು ಹೇಳಿದ್ರು, ಹೇಳಿ ತೋಟ ಕಳ್ಕೊಂಡ್ರು. ಹರಾಜಲ್ಲಿ ಆ ಜಮೀನು ಕೊಂಡವರ ಮನೆ ಮುಂದೆ ನಮ್ಮ ಹೆಂಗಸರು ಹೋಗಿ ಉಪವಾಸ ಕೂತ್ರು. ಮಾವಿನಗುಂಡೀಲಿ ಅದರ ಸ್ಮಾರಕ ಇದೆ, ಜೋಗಕ್ಕೆ ಹೋಗೋರು ಗಾಡಿ ನಿಲ್ಸಿ ಒಂದ್ಸಲ ನೋಡಿ, ಯಾರೂ ನಿಲ್ಸಲ್ಲ. ಆ ತೆರಿಗೆ ಹಾಕೋನನ್ನ ಬದಲಾಯಿಸೋಕೆ ಅವ್ರ ಕೈಲಿ ವೋಟು ಇರ್ಲಿಲ್ಲ, ಅಷ್ಟು ದೂರದ ಸರ್ಕಾರಕ್ಕೆ ಇಲ್ಲ ಅನ್ನೋಕೆ ಬೇರೆ ದಾರಿನೂ ಇರ್ಲಿಲ್ಲ. ಸಕ್ಕರೆ ಡಬ್ಬದ ಹಿಂದೆ ಇಡೋದು ಇಲ್ಲ ಅನ್ನೋದಲ್ಲ, ಕಣ್ಣಿಗೆ ಬೀಳದೇ ಇರೋದು. ಬೇಜಾರಾಗ್ಬೇಡಿ, ನಿಮ್ಮಪ್ಪನನ್ನ ತಪ್ಪು ಅಂತಿಲ್ಲ, ಆದ್ರೆ ಅದಕ್ಕೆ ಸ್ವಾತಂತ್ರ್ಯ ಅನ್ನೋ ಹೆಸರು ಸ್ವಲ್ಪ ದೊಡ್ಡದಾಯ್ತು ಅನ್ಸುತ್ತೆ ನಂಗೆ.

ಟೀಅಂಗಡಿ_ಮಗ

ಅಣ್ಣಾ ಬೇಜಾರೇನಿಲ್ಲ. ಹುಲ್ಲು ಸುತ್ತಿದ ಗಾಡಿ ಚಕ್ರದ ವಿಷಯ ಅಪ್ಪಂಗೆ ಓದಿ ಹೇಳ್ದೆ, ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ "ಹಂಡೆ ವಾಪಸ್ ಬಂತಂತಾ?" ಅಂದ್ರು.

ಅಡಿಕೆಸೋಗೆ

ಒಂದು ಹಂಡೆ ಬಂತು, ಇನ್ನೂ ಬಚ್ಚಲಲ್ಲಿ ಇದೆ. ಕೊಳಗ ನೆಂಟರ ಮನೇಲೇ ಉಳೀತು. ಆ ಜಗಳ ಬೇರೆ ಕತೆ, ಮೂರು ತಲೆಮಾರು ನಡೀತು.

ಆಸ್ಟಿನ್_ಅವಲಕ್ಕಿ

ನಾನು ಟೆಕ್ಸಾಸಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಮೂಲ ಮೈಸೂರು. 'ನನ್ನ ಪಾಡಿಗೆ ನನ್ನ ಬಿಡಿ' ಅನ್ನೋದನ್ನ ಇಲ್ಲಿ ಜನ ಟೀ ಶರ್ಟ್ ಮೇಲೆ ಬರೆಸ್ಕೊಂಡು ಓಡಾಡ್ತಾರೆ. ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಹೆಮ್ಮೆ ಬೇರೆ. ಇನ್‌ಕಮ್ ಟ್ಯಾಕ್ಸ್ ಇಲ್ಲ, ಸರಿ, ಆದ್ರೆ ಮನೆ ಬೆಲೆಯ ಹತ್ತತ್ರ 2% ಪ್ರತೀ ವರ್ಷ ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಿ, ಸಾಲ ತೀರಿದ ಮೇಲೂ ಕಟ್ತಾನೇ ಇರ್ಬೇಕು. ಒಂದು ಕಡೆ ಬಿಟ್ರೆ ಇನ್ನೊಂದು ಕಡೆ ಹಿಡೀತಾರೆ, ಅದು ಎಲ್ಲಾ ಊರಲ್ಲೂ ಒಂದೇ.

2021 ಫೆಬ್ರವರಿ. ಇಲ್ಲಿ ಎಷ್ಟೋ ವರ್ಷದಿಂದ ಕಾಣದಂಥ ಚಳಿ ಬಿತ್ತು, ಡಲ್ಲಾಸಲ್ಲಿ ಮೈನಸ್ 19 ಡಿಗ್ರಿ ಮುಟ್ತು. ಟೆಕ್ಸಾಸಿನ ಕರೆಂಟ್ ಗ್ರಿಡ್ಡು ಬಹುಪಾಲು ಅಕ್ಕಪಕ್ಕದ ರಾಜ್ಯಗಳಿಂದ ಬೇರೆನೇ ಇಟ್ಕೊಂಡಿದ್ದಾರೆ, ವಾಷಿಂಗ್ಟನ್ ಕಂಟ್ರೋಲು ನಮಗೆ ಬೇಡ ಅಂತ. ಗ್ಯಾಸ್ ಲೈನು, ಪವರ್ ಪ್ಲಾಂಟು ಎಲ್ಲಾ ಹೆಪ್ಪುಗಟ್ಟಿದಾಗ ಪಕ್ಕದವರಿಂದ ಬೇಕಾದಷ್ಟು ಕರೆಂಟ್ ತಗೊಳ್ಳೋಕೆ ಆಗ್ಲಿಲ್ಲ. ನಲವತ್ತೈದು ಲಕ್ಷ ಮನೆಗಳಿಗೆ ಕರೆಂಟ್ ಹೋಯ್ತು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ರು. ಟೆಕ್ಸಾಸಲ್ಲೇ ಇದ್ರೂ ಬೇರೆ ಗ್ರಿಡ್ಡಿಗೆ ಸೇರಿದ್ದ ಎಲ್ ಪಾಸೊ ಊರಲ್ಲಿ ಇಷ್ಟು ತೊಂದ್ರೆ ಆಗ್ಲಿಲ್ಲ.

ನಮ್ಮ ಮನೆ ಪೂರ್ತಿ ಎಲೆಕ್ಟ್ರಿಕ್. ಒಲೆನೂ ಎಲೆಕ್ಟ್ರಿಕ್. ಮೂರು ದಿನ ಬಿಸಿ ಊಟ ಅನ್ನೋದು ಕಂಡಿಲ್ಲ. ತಿಂದಿದ್ದು ಏನು ಗೊತ್ತಾ, ಅವಲಕ್ಕಿ. ಅಮ್ಮ ಊರಿಂದ ಬಂದಾಗ ತಂದಿದ್ದ ಎರಡು ಕೆಜಿ ತೆಳು ಅವಲಕ್ಕಿ, ಅದಕ್ಕೆ ಕಾಯಿಪುಡಿ, ಬೆಲ್ಲ. ಬೇಯಿಸೋದು ಬೇಡ, ಜಾಸ್ತಿ ನೀರೂ ಬೇಡ. ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮಗಳಿಗೆ ಬಾಯಿಗೆ ಇಡ್ತಿದ್ದೆ, ಚಮಚ ಮುಟ್ಟಿದ್ರೆ ಕೈ ಕೊರೀತಿತ್ತು. ಟ್ರಂಕಲ್ಲಿ ಅಕ್ಕಿ ಇಡೋದ್ರ ಜೊತೆ ಅವಲಕ್ಕಿನೂ ಇಡೋಕೆ ಹೇಳಿ ನಿಮ್ಮಪ್ಪಂಗೆ, ಗ್ಯಾಸ್ ಇಲ್ಲದಿದ್ರೆ ಅಕ್ಕಿ ಏನ್ ಮಾಡ್ತೀರಾ.

ಪಕ್ಕದ ಮನೆ ಮುದುಕಪ್ಪ, ಸರ್ಕಾರ ಅಂದ್ರೆ ಮೂಗು ಮುರಿಯೋ ಆಸಾಮಿ, ಅವನ ಹತ್ರ ಜನರೇಟರ್ ಇತ್ತು. ಚಳಿ ಬರೋ ಹಿಂದಿನ ದಿನ ಬಾಗಿಲು ತಟ್ಟಿ, ನಲ್ಲಿ ಹೆಪ್ಪುಗಟ್ಟೋ ಮೊದ್ಲು ಬಾತ್‌ಟಬ್ ತುಂಬಿಸ್ಕೊಳ್ಳಿ ಅಂದಿದ್ದ, ನಾನು ನಕ್ಕಿದ್ದೆ. ಎರಡನೇ ರಾತ್ರಿ ಬೇಲಿ ಮೇಲಿಂದ ವೈರ್ ಎಸೆದು ನಮ್ಮ ಒಂದು ಹೀಟರಿಗೆ ಕರೆಂಟ್ ಕೊಟ್ಟ. ನಾಲ್ಕನೇ ದಿನ ಅದೇ ಮುದುಕ ರಸ್ತೇಲಿ ನಿಂತು ನೀರು ಯಾವಾಗ ಬಿಡ್ತಾರೆ ಅಂತ ಸಿಟಿಯವರಿಗೆ ಬೈತಿದ್ದ. ಜನರೇಟರ್ ಮನೇಲಿ ಇಡಬಹುದು, ವಾಟರ್ ಟ್ರೀಟ್‌ಮೆಂಟ್ ಪ್ಲಾಂಟ್ ಇಡೋಕಾಗುತ್ತಾ. ನೀರು ಬಂದ ಮೇಲೂ ಕುದಿಸಿ ಕುಡೀರಿ ಅಂತ ಆರ್ಡರು.

ಮಡಿಕೇರಿ_ಮಳೆ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸ್ತೀನಿ. 2018ರ ಆಗಸ್ಟಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಜರಿಯಿತು. ಮಕ್ಕಂದೂರು, ಜೋಡುಪಾಲ ಎಲ್ಲಾ ಪೇಪರಲ್ಲಿ ನೋಡಿರ್ತೀರಿ.

ಕೊಡಗಿನಲ್ಲಿ ನಮಗೆ ಕೋವಿಗೆ ಲೈಸೆನ್ಸ್ ಬೇಡ, ಬ್ರಿಟಿಷರ ಕಾಲದಿಂದ ಬಂದ ವಿನಾಯ್ತಿ, ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಹಿಡುವಳಿದಾರರಿಗೂ. ಸ್ವಾತಂತ್ರ್ಯ ಅಂತ ನಮ್ಮವರು ಎದೆ ಉಬ್ಬಿಸುವುದು ಅದಕ್ಕೇ. ಗೋಡೆ ಮೇಲೆ ಕೋವಿ ಇತ್ತು, ನಮ್ಮ ಆಯುಧಪೂಜೆಯಾದ ಕೈಲ್‌ಪೋಳ್ದ್ ಹಬ್ಬಕ್ಕೆ ಪೂಜೆ ಮಾಡುತ್ತಿದ್ದೆವು. ಗುಡ್ಡಕ್ಕೆ ಕೋವಿ ತೋರಿಸಿದ್ರೆ ನಿಲ್ಲುತ್ತದಾ? ನಮ್ಮ ಯಜಮಾನರು ಓಡುವಾಗ ಕೋವಿ ಎತ್ತಿಕೊಂಡರು, ನಾನು ಅಕ್ಕಿ ಡಬ್ಬದ ಮೇಲಿದ್ದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡೆ. ಅದರಲ್ಲಿ ಆರ್‌ಟಿಸಿ, ಕಂದಾಯ ರಶೀದಿ, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು. ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಯಾವುದು ಕೆಲಸಕ್ಕೆ ಬಂತು ಎಂದು ಹೇಳಬೇಕಾ. ನಾನು ಈಗಲೂ ಅವರಿಗೆ ಅದನ್ನು ನೆನಪಿಸುತ್ತಿರುತ್ತೇನೆ, ವರ್ಷಕ್ಕೆ ಎರಡು ಸಲ.

ಒಂದು ಮಾತು ಮಾತ್ರ. ಮೊದಲ ರಾತ್ರಿ ನಮಗೆ ಜಾಗ ಕೊಟ್ಟದ್ದು, ಗಂಜಿ ಕೊಟ್ಟದ್ದು ಪಕ್ಕದ ಊರಿನವರು, ಯಾವ ಆಫೀಸೂ ಅಲ್ಲ. ಆದರೆ ಗುಡ್ಡದ ಆಚೆ ಸಿಕ್ಕಿಬಿದ್ದ ನನ್ನ ಅತ್ತೆಯನ್ನು ಹಗ್ಗ ಕಟ್ಟಿ ಹೊತ್ತು ತಂದದ್ದು ಸೈನ್ಯದ ಹುಡುಗರು. ಆ ಹುಡುಗರ ಸಂಬಳ ಎಲ್ಲಿಂದ ಬರುತ್ತದೆ? ಬೆಂಕಿಪೊಟ್ಟಣದ ಟ್ಯಾಕ್ಸಿನಿಂದಲೇ ಅಲ್ಲವಾ. ಹಾಗಂತ ಎಲ್ಲ ಸರಿ ಎಂದು ಹೇಳುತ್ತಿಲ್ಲ. ಕೊಚ್ಚಿಹೋದ ತೋಟದ ಸರ್ವೆಗಾಗಿ ನಾನು ಎಷ್ಟು ಸಲ ಅಲೆದಿದ್ದೇನೆ ಎಂದು ಬರೆದರೆ ಇನ್ನೊಂದು ಪುಟ ಆಗುತ್ತದೆ.

ಟ್ರಂಕ್ ಅಟ್ಟದ ಮೇಲೆ ಯಾಕೆ ಇಟ್ಟಿದ್ದೀರಿ? ಓಡುವಾಗ ಏಣಿ ಹತ್ತಲಿಕ್ಕೆ ಆಗುತ್ತದಾ? ಕಾಗದ, ಮಾತ್ರೆ, ಟಾರ್ಚ್ ಬೇರೆ ಚೀಲದಲ್ಲಿ ಬಾಗಿಲ ಹತ್ತಿರ ಮೊಳೆಗೆ ತೂಗುಹಾಕಿ.

ಸಂಬಳದವನು

ಇದು ಒಳ್ಳೇ ಪಾಯಿಂಟು ಮೇಡಂ. ನಮ್ಮನೇಲಿ ಕಾಗದ ಎಲ್ಲಾ ಬೀರುವಿನ ಲಾಕರಲ್ಲಿ, ಕೀ ಎಲ್ಲಿದೆ ಅಂತ ಹೆಂಡತಿಗೆ ಮಾತ್ರ ಗೊತ್ತು. ಡಿಜಿಲಾಕರಲ್ಲೂ ಹಾಕಿದ್ದೀನಿ, ಆದ್ರೆ ಚಾರ್ಜ್ ಇಲ್ಲದ ಫೋನ್ ಇಟ್ಕೊಂಡು ಏನ್ ಮಾಡೋದು. ಮತ್ತೆ ಟೀ ಅಂಗಡಿ ಅವರೇ, ಮೊದ್ಲು ಖಾರವಾಗಿ ಬರೆದಿದ್ದಕ್ಕೆ ಏನೂ ಅನ್ಕೋಬೇಡಿ, ಅವತ್ತು ಟಿಡಿಎಸ್ ಲೆಕ್ಕದ ಫಾರ್ಮ್ 16 ಕೈಗೆ ಬಂದಿತ್ತು.

ಟೀಅಂಗಡಿ_ಮಗ

ಎಲ್ರಿಗೂ ಥ್ಯಾಂಕ್ಸ್. ಒಂದು ಅಪ್ಡೇಟ್ ಹಾಕ್ತೀನಿ.

ಭಾನುವಾರ ಮಧ್ಯಾಹ್ನ ಅಂಗಡಿ ಅರ್ಧ ಷಟರ್ ಎಳೆದು ಕೂತ್ವಿ. ಅಪ್ಪ ಲೆಕ್ಕ ಇಟ್ಟಿಲ್ಲ ಅಂತಾನೇ ನಾನು ಅಂದ್ಕೊಂಡಿದ್ದೆ. ಟ್ರಂಕಿನ ತಳದಲ್ಲಿ, ಅಕ್ಕಿ ಚೀಲದ ಕೆಳಗೆ ಗೋಡೆ ಕ್ಯಾಲೆಂಡರ್ ಶೀಟುಗಳು ದಾರ ಕಟ್ಟಿ ಇಟ್ಟಿದ್ದಾರೆ, ಪ್ರತೀ ತಾರೀಖಿನ ಚೌಕದಲ್ಲಿ ಆವತ್ತಿನ ವ್ಯಾಪಾರ ಪೆನ್ಸಿಲಲ್ಲಿ. ರಾಹುಕಾಲದ ಪಕ್ಕ 4,850. ಏಕಾದಶಿ, 6,120. ಅಂಗಡಿ ಮುಚ್ಚಿದ್ದ ದಿನ ಒಂದು ಅಡ್ಡ ಗೆರೆ, ತಾತ ತೀರ್ಕೊಂಡ ವಾರ ಪೂರ್ತಿ ಅಡ್ಡ ಗೆರೆ. ಯಾಕೆ ಬರೆದಿಟ್ಟೆ ಅಂದ್ರೆ "ನಂಗೆ ನಾನು ಸುಳ್ಳು ಹೇಳ್ಕೊಳ್ಬಾರ್ದಲ್ಲ" ಅಂದ್ರು.

ಕೂಡಿಸಿದ್ರೆ ಹೋದ ವರ್ಷದ್ದು ಹತ್ತೊಂಬತ್ತು ಲಕ್ಷ ಚಿಲ್ಲರೆ. ಗಡಿ ಹತ್ರ ಇದ್ದೀವಿ, ಕ್ಯೂಆರ್ ವಾಪಸ್ ಇಟ್ರೆ ಗಿರಾಕಿ ಬಂದು ಖಂಡಿತ ದಾಟ್ತೀವಿ. ಹುಬ್ಬಳ್ಳಿ ಸರ್, ಈಗ್ಲೇ ನೋಂದಣಿ ಮಾಡಿಸ್ಬೇಕಾ, ಇಲ್ಲ ದಾಟಿದ ಮೇಲೆ ಸಾಕಾ? ಮತ್ತೆ ಪೆನ್ಸಿಲಲ್ಲಿ ಬರೆದಿದ್ದು ನಡೆಯುತ್ತಾ?

ಅವಲಕ್ಕಿ ತಂದಿದ್ದಾಯ್ತು. ಟ್ರಂಕು ಇನ್ನೂ ಅಟ್ಟದ ಮೇಲೇ ಇದೆ, ಕೆಳಗೆ ಇಟ್ರೆ ಇಲಿ ಬರುತ್ತೆ ಅಂತ ಅಮ್ಮನ ವೀಟೋ. ಚೀಲ ಮಾತ್ರ ಮೊಳೆಗೆ ಬಿದ್ದಿದೆ.

ಲೆಕ್ಕಿಗ_ಹುಬ್ಬಳ್ಳಿ

ಗಡಿ ದಾಟಿದ ದಿನದಿಂದ 30 ದಿನದೊಳಗ ಅರ್ಜಿ ಹಾಕಬೇಕು, ಈಗ ಅವಸರ ಇಲ್ಲ. ದಾಟೂ ತಿಂಗಳು ಯಾವ್ದು ಅಂತ ಕ್ಯಾಲೆಂಡರ್ ನೋಡಿದ್ರ ನಿಮ್ಮಪ್ಪಾರಿಗೆ ಗೊತ್ತಾಗ್ತದ, ಅಷ್ಟ ಸಾಕು. ಸಾಮಾನು ತಂದ ಬಿಲ್ಲು ಒಂದೂ ಒಗೀಬ್ಯಾಡ್ರಿ, ತಂತಿಗೆ ಚುಚ್ಚಿ ಇಡ್ರಿ. ಪೆನ್ಸಿಲ್ ಮಾತ್ರ ಬಿಡಸ್ರಿ, ಪೆನ್ನಿನಾಗ ಬರಿಯಾಕ ಹೇಳ್ರಿ. ಆ ಕ್ಯಾಲೆಂಡರಿನ ಒಂದು ಫೋಟೋ ಹಾಕು ತಮ್ಮಾ, ನನ್ನ ಆಫೀಸಿಗೆ ಬರೋ ಹುಡುಗುರಿಗೆ ತೋರಸ್ತೀನಿ.